ಸುರೊ ದೊರೆಯ ಊರಿನಲ್ಲಿ

ಶುಕ್ರವಾರ

ಕೊರಿಯಾದ ಆಗ್ನೇಯ ಮೂಲೆಯಲ್ಲಿರುವ ಗಿಮ್ಹೆ ನಗರಕ್ಕೆ ಹೋಗುವ ಭಾರತೀಯರು ಸಾಮಾನ್ಯವಾಗಿ ಒಬ್ಬ ರಾಣಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಅಯುತ ಎಂಬ ದೇಶದಿಂದ ಹಡಗೇರಿ ಬಂದು ಇಲ್ಲಿಯ ದೊರೆಯ ಕೈಹಿಡಿದಳೆನ್ನಲಾದ ಹೊ ಹ್ವಾಂಗ್-ಒಕ್ ಎಂಬ ರಾಜಕುಮಾರಿಯ ಕಥೆ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ; ಅಯುತವೆಂದರೆ ಅಯೋಧ್ಯೆಯೇ ಎಂಬ ನಂಬಿಕೆಯೂ ಅದರೊಡನೆ ಬೆಳೆದಿದೆ. ಆದರೆ ಅವಳ ಗಂಡ, ಗುಮ್‌ಗ್ವಾನ್ ಗಾಯಾ ರಾಜ್ಯದ ಮೂಲಪುರುಷನಾದ ಕಿಮ್ ಸುರೊ, ನಮ್ಮ ಓದುಗರಿಗೆ ಆ ಕಥೆಯ ಅಂಚಿನಲ್ಲಿ ನಿಂತ ಅಳಿಯನಾಗಿ ಮಾತ್ರ ಗೊತ್ತು. ನಾನು ಹೊರಟದ್ದು ಅವನನ್ನು ಅವನ ಬೆಟ್ಟ, ಅವನ ಕಬ್ಬಿಣ, ಅವನ ಸಮುದ್ರ ಮತ್ತು ಅವನ ಸಮಾಧಿಯ ನಡುವೆಯೇ ಕಾಣಬೇಕೆಂದು. ಚಾಂದ್ರಮಾನದ ಮೂರನೆಯ ತಿಂಗಳ ಹದಿನೈದರಂದು ಅವನ ವಂಶದವರು ಸಮಾಧಿಯ ಬಳಿ ವಸಂತದ ಪೂಜೆ ಸಲ್ಲಿಸುವುದರಿಂದ, ಆ ದಿನ ಕೊನೆಗೆ ಬರುವಂತೆ ಪ್ರಯಾಣವನ್ನು ಹೊಂದಿಸಿಕೊಂಡೆ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಹೋಗಲು 2011ರಲ್ಲಿ ಆರಂಭವಾದ ಲಘು ರೈಲು ಇದೆ. ಚಾಲಕನಿಲ್ಲದೆ ಎತ್ತರದ ಕಂಬಗಳ ಮೇಲೆ ಓಡುವ ಈ ಪುಟ್ಟ ರೈಲಿನ ಕಿಟಕಿಯಿಂದ ನಕ್‌ಡೊಂಗ್ ನದಿಯ ಬಯಲು ಅಂಗೈಯಗಲವಾಗಿ ಕಾಣುತ್ತದೆ: ಗದ್ದೆಗಳು, ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು, ಸಣ್ಣ ಕಾರ್ಖಾನೆಗಳು, ಅವುಗಳಾಚೆ ಬಹುಮಹಡಿ ಮನೆಗಳು. ಸುರೊನ ಕಾಲವೆಂದು ಹೇಳುವ ಕ್ರಿ.ಶ. ಮೊದಲ ಶತಮಾನದಲ್ಲಿ ಇದು ಬಯಲಾಗಿರಲಿಲ್ಲ, ಸಮುದ್ರದ ಕೊಲ್ಲಿಯಾಗಿತ್ತು. ನದಿಯ ಹೂಳು ಶತಮಾನಗಳ ಕಾಲ ತುಂಬಿ ತುಂಬಿ ಕೊಲ್ಲಿಯನ್ನು ನೆಲವಾಗಿಸಿದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಗಿಮ್ಹೆಯಲ್ಲಿ ಏನನ್ನೂ ಅರ್ಥ ಮಾಡಿಕೊಳ್ಳಲಾಗದು. ಇಂದು ಕಡಲಿನಿಂದ ದೂರ ಉಳಿದಿರುವ ಈ ಊರು ಆಗ ಬಂದರಾಗಿತ್ತು, ಸುರೊ ಬಂದರಿನ ದೊರೆಯಾಗಿದ್ದ.

ಅದಕ್ಕೆ ಸಾಕ್ಷಿ ಬೊಂಗ್‌ಹ್ವಾಂಗ್ ನಿಲ್ದಾಣಕ್ಕೆ ಸಮೀಪದ ಗುಡ್ಡದಲ್ಲಿದೆ. ಅಲ್ಲಿನ ಜನ ತಿಂದೆಸೆದ ಸಿಂಪಿ ಮತ್ತು ಚಿಪ್ಪುಗಳು ತಲೆಮಾರುಗಳ ಕಾಲ ಒಟ್ಟಾಗಿ ಆದ ದೊಡ್ಡ ದಿಬ್ಬವನ್ನು 1907ರಿಂದ ಹಲವು ಬಾರಿ ಅಗೆದಿದ್ದಾರೆ. ಅಡ್ಡವಾಗಿ ಕತ್ತರಿಸಿದ ದಿಬ್ಬದ ಒಂದು ಗೋಡೆಯನ್ನು ಗಾಜಿನ ಹಿಂದೆ ಹಾಗೆಯೇ ಉಳಿಸಿರುವುದರಿಂದ, ಬಿಳಿ ಚಿಪ್ಪಿನ ಪದರಗಳ ನಡುವೆ ಮಡಕೆಯ ಚೂರುಗಳು ಇಣುಕುವುದನ್ನು ನಿಂತು ನೋಡಬಹುದು. ಇಲ್ಲಿ ಕರಕಲಾದ ಅಕ್ಕಿ ದೊರೆತಿದೆ. ಚೀನಾದ ವಾಂಗ್ ಮಾಂಗ್ ಎಂಬ ಅರಸ ಕ್ರಿ.ಶ. 14ರಿಂದ ಟಂಕಿಸಿದ ಬಗೆಯ ನಾಣ್ಯವೂ ದೊರೆತಿದೆ. ಸುರೊ ಪಟ್ಟವೇರಿದನೆಂದು ಹೇಳುವ ವರ್ಷ ಕ್ರಿ.ಶ. 42. ಅಂಥ ನಾಣ್ಯವೊಂದು ಇಲ್ಲಿಗೆ ಬಂದಿತ್ತೆಂದರೆ, ದಂತಕಥೆ ಹೇಳುವ ಕಾಲದ ಆಸುಪಾಸಿನಲ್ಲಿ ಈ ತೀರಕ್ಕೆ ಚೀನಾದ ವ್ಯಾಪಾರ ಮುಟ್ಟುತ್ತಿತ್ತೆಂದು ನಂಬಲು ಕಾರಣವಿದೆ. ಇದಕ್ಕಿಂತ ಹೆಚ್ಚಿನದನ್ನು ಆ ಪುಟ್ಟ ತಾಮ್ರದ ತುಂಡಿನಿಂದ ಕೇಳಬಾರದು.

ಸುರೊನ ಅರಮನೆಯೂ ಇದೇ ಸುತ್ತಿನಲ್ಲಿತ್ತೆಂದು ಊರಿನ ನಂಬಿಕೆ. ಅವನ ಕಥೆಯನ್ನು ನಮಗೆ ಉಳಿಸಿಕೊಟ್ಟಿರುವುದು 13ನೆಯ ಶತಮಾನದ ಕೊನೆಯ ಭಾಗದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷು ಸಂಕಲಿಸಿದ ‘ಸಾಮ್‌ಗುಕ್ ಯುಸಾ’ ಎಂಬ ಗ್ರಂಥ; ಅದರೊಳಗೆ, ಸುಮಾರು 1076ರಲ್ಲಿ ಗಿಮ್ಹೆಯ ಆಡಳಿತಾಧಿಕಾರಿಯೊಬ್ಬ ಬರೆದ ಗಾರಾಕ್, ಅಂದರೆ ಗುಮ್‌ಗ್ವಾನ್ ಗಾಯಾ ರಾಜ್ಯದ ವೃತ್ತಾಂತ ಸಂಕ್ಷೇಪವಾಗಿ ಸೇರಿದೆ. ರಾಜಧಾನಿಗೆ ಜಾಗ ಆರಿಸುವಾಗ ಸುರೊ, ಈ ನೆಲ ನೀರಂಚಿನ ಗಿಡದ ಎಲೆಯಷ್ಟು ಕಿರಿದಾದರೂ ಹದಿನಾರು ಅರ್ಹಂತರು ನೆಲೆಸಲು ತಕ್ಕಷ್ಟು ಚೆಲುವಾಗಿದೆ ಎಂದನಂತೆ. ಅರ್ಹಂತರ ಮಾತು ನಂತರದ ಬೌದ್ಧ ಲೇಖಕರ ಕೈಯಿಂದ ಬಂದಿರಬೇಕು. ನೆಲ ಕಿರಿದು ಎಂಬ ಮಾತು ಮಾತ್ರ ನಿಜದ ನೆನಪಿನಂತೆ ಕೇಳಿಸುತ್ತದೆ, ಏಕೆಂದರೆ ಮುಂದೆ ಕಡಲು, ಹಿಂದೆ ಗುಡ್ಡ ಇರುವ ಜಾಗದಲ್ಲಿ ಅಂದಿನ ಊರು ಇಕ್ಕಟ್ಟಾಗಿಯೇ ಇದ್ದಿರಬೇಕು.

ಶನಿವಾರ

ಬೆಳಗ್ಗೆ ಗುಜಿಬೊಂಗ್ ಹತ್ತಿದೆ. ಹತ್ತಿದೆ ಎನ್ನುವಷ್ಟು ಎತ್ತರವೇನೂ ಅದಕ್ಕಿಲ್ಲ. ಪೈನ್ ಮರಗಳ ನಡುವೆ ಹಾದುಹೋಗುವ ದಾರಿಯಲ್ಲಿ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಬೋಳು ನೆತ್ತಿ ಸಿಗುತ್ತದೆ. ಗುಡ್ಡ ಮಲಗಿದ ಆಮೆಯ ಆಕಾರದ್ದೆಂದು ಇಲ್ಲಿಯವರು ಹೇಳುತ್ತಾರೆ. ಆಮೆಯ ಕತ್ತು ಎನ್ನುವ ಭಾಗವನ್ನು ಜಪಾನಿನ ಆಳ್ವಿಕೆಯ ಕಾಲದಲ್ಲಿ ರಸ್ತೆಗಾಗಿ ಕಡಿದುಹಾಕಿದ್ದರು. ನಂತರ ರಸ್ತೆಯ ಮೇಲೆ ಮಣ್ಣು ಮುಚ್ಚಿದ ಸೇತುವೆ ಕಟ್ಟಿ ಕತ್ತನ್ನು ಮತ್ತೆ ಕೂಡಿಸಿದ್ದಾರೆ.

ಕ್ರಿ.ಶ. 42ರ ಮೂರನೆಯ ತಿಂಗಳಿನವರೆಗೆ ಈ ಸೀಮೆಗೆ ದೊರೆಯೇ ಇರಲಿಲ್ಲವೆಂದು ಗ್ರಂಥ ಹೇಳುತ್ತದೆ. ಒಂಬತ್ತು ಮಂದಿ ನಾಯಕರು 75,000 ಜನರನ್ನು ನೋಡಿಕೊಳ್ಳುತ್ತಿದ್ದರು. ಜನ ಬಾವಿ ತೋಡಿ ನೀರು ಕುಡಿಯುತ್ತ, ಹೊಲ ಉತ್ತು ಉಣ್ಣುತ್ತ ಇದ್ದರು. ಹೊಳೆಯಲ್ಲಿ ಮಿಂದು ಶುದ್ಧಿ ಮಾಡಿಕೊಳ್ಳುವ ಹಬ್ಬದಂದು ಈ ನೆತ್ತಿಯಿಂದ ಒಂದು ಧ್ವನಿ ಕೇಳಿಬಂತು. ಇನ್ನೂರು ಮುನ್ನೂರು ಜನ ಓಡಿ ಬಂದು ಕೂಡಿದರು. ರೂಪವಿಲ್ಲದ ಆ ಧ್ವನಿ, ಹೊಸ ರಾಜ್ಯ ಕಟ್ಟಲು ಆಕಾಶ ನನಗೆ ಅಪ್ಪಣೆ ಕೊಟ್ಟಿದೆ, ನೆತ್ತಿಯ ಮಣ್ಣು ಅಗೆಯುತ್ತ ಹಾಡಿ ಕುಣಿಯಿರಿ ಎಂದಿತು. ಅವರು ಹಾಡಿದ್ದು ಆಮೆಯನ್ನು ಕುರಿತ ಹಾಡು: ತಲೆ ಹೊರಗೆ ಹಾಕು, ಹಾಕದಿದ್ದರೆ ಸುಟ್ಟು ತಿನ್ನುತ್ತೇವೆ ಎಂಬುದು ಅದರ ಸಾರಾಂಶ. ಆಗ ನೇರಳೆ ಬಣ್ಣದ ಹಗ್ಗವೊಂದು ಆಕಾಶದಿಂದ ಇಳಿಯಿತು. ಅದರ ತುದಿಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಚಿನ್ನದ ಪಾತ್ರೆ, ಅದರೊಳಗೆ ಆರು ಚಿನ್ನದ ಮೊಟ್ಟೆಗಳು. ಹನ್ನೆರಡು ದಿನ ಕಳೆದ ಮೇಲೆ ಮೊಟ್ಟೆಗಳು ಆರು ಬಾಲಕರಾದವು. ಮೊದಲು ಹೊರಬಂದವನು ಸುರೊ. ಹತ್ತು ಹನ್ನೆರಡು ದಿನಗಳಲ್ಲಿ ಅವನು ಒಂಬತ್ತು ಅಡಿ ಬೆಳೆದು, ಹುಣ್ಣಿಮೆಯಂದು ಪಟ್ಟವೇರಿದ. ಉಳಿದ ಐವರು ಉಳಿದ ಐದು ಗಾಯಾ ರಾಜ್ಯಗಳಿಗೆ ಒಡೆಯರಾದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊಟ್ಟೆಗಳಲ್ಲ, ಆ ಹಾಡು. ದೊರೆಯನ್ನು ಕರೆಯಲು ಜನ ಬೇಡಿಕೊಳ್ಳಲಿಲ್ಲ, ಗದರಿಸಿದರು. ಮಣ್ಣು ಅಗೆದು, ಕುಣಿದು, ಬೆದರಿಸಿ ತಮಗೊಬ್ಬ ಒಡೆಯನನ್ನು ಇಳಿಸಿಕೊಂಡ ಜನರ ಕಥೆಯಿದು. ಒಂಬತ್ತು ನಾಯಕರ ಒಂಬತ್ತು ಗುಂಪುಗಳು ಸೇರಿ ಒಬ್ಬನ ಕೆಳಗೆ ಒಂದಾದ ಸಂಗತಿಯೊಂದು ಇದರ ಹಿಂದೆ ಇರಬೇಕೆಂಬ ಇತಿಹಾಸಕಾರರ ಊಹೆ ನನಗೆ ಒಪ್ಪಿಗೆಯಾಗುತ್ತದೆ. ಸುರೊ ಗೆದ್ದುಕೊಂಡು ದೊರೆಯಾದನೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ನಾಯಕರೂ ಅವನು ಬಂದ ಮೇಲೆ ಕಣ್ಮರೆಯಾಗದೆ ಅವನ ಆಸ್ಥಾನದಲ್ಲಿಯೇ ಮುಂದುವರಿಯುತ್ತಾರೆ. ನೆತ್ತಿಯ ಮೇಲೆ ಇಂದು ಇರುವುದು ಒಂದು ಕಲ್ಗೋರಿ, ಅಂದರೆ ಸುರೊನ ಕಾಲಕ್ಕಿಂತಲೂ ಹಳೆಯದಾದ, ಚಪ್ಪಡಿ ಹೊದಿಸಿದ ಸಮಾಧಿ. ಅದರ ಮೇಲೆ ಗುಡ್ಡದ ಹೆಸರನ್ನು ಕೆತ್ತಿದ್ದಾರೆ. ಆ ಬರಹ 16ನೆಯ ಶತಮಾನದ ಪ್ರಸಿದ್ಧ ಲಿಪಿಕಾರ ಹಾನ್ ಸೊಕ್-ಬೊಂಗ್‌ನದೆಂದು ಪ್ರತೀತಿ. ದೊರೆ ಇಳಿಯುವ ಮೊದಲೇ ಇದು ಜನ ಗೌರವದಿಂದ ಕಾಣುತ್ತಿದ್ದ ಎತ್ತರವಾಗಿತ್ತೆಂಬುದನ್ನು ಆ ಚಪ್ಪಡಿಯೇ ತಿಳಿಸುತ್ತದೆ.

ಗುಡ್ಡದ ಬುಡದಲ್ಲಿಯೇ 1998ರಲ್ಲಿ ತೆರೆದ ಗಿಮ್ಹೆ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಕಬ್ಬಿಣದ ಅದಿರನ್ನೂ ಇದ್ದಿಲನ್ನೂ ನೆನಪಿಸಲೆಂದು ಹೊರಗೋಡೆಗೆ ಕಪ್ಪು ಇಟ್ಟಿಗೆ ಬಳಸಿದ್ದಾರೆ. ಮಧ್ಯಾಹ್ನವೆಲ್ಲ ನಾನು ಅಲ್ಲಿಯೇ ಕಳೆದೆ, ಮತ್ತು ಸುರೊನ ರಾಜ್ಯ ನನಗೆ ಸ್ಪಷ್ಟವಾಗಿ ಕಂಡದ್ದು ಅಲ್ಲಿಯೇ. ಡಮರುವಿನಂತೆ ನಡು ಸಣ್ಣಗಾಗಿ ಎರಡು ತುದಿ ಅಗಲವಾದ ಚಪ್ಪಟೆ ಕಬ್ಬಿಣದ ಗಟ್ಟಿಗಳು ಸಾಲುಸಾಲಾಗಿ ಇವೆ. ಮೂರನೆಯ ಶತಮಾನದ ಚೀನೀ ಇತಿಹಾಸಗ್ರಂಥವೊಂದು ಈ ಸೀಮೆಯ ಬಗ್ಗೆ ಬರೆಯುತ್ತ, ಇಲ್ಲಿ ಕಬ್ಬಿಣ ದೊರೆಯುತ್ತದೆ, ಸುತ್ತಲಿನ ಹಾನ್ ಮತ್ತು ಯೆ ಜನರೂ ಕಡಲಾಚೆಯ ಜಪಾನಿನವರೂ ಬಂದು ಕೊಳ್ಳುತ್ತಾರೆ, ಚೀನಾದಲ್ಲಿ ನಾಣ್ಯ ಬಳಸುವಂತೆ ಇಲ್ಲಿಯ ಸಂತೆಗಳಲ್ಲಿ ಕಬ್ಬಿಣ ಬಳಸುತ್ತಾರೆ ಎಂದು ಹೇಳುತ್ತದೆ. ಗಟ್ಟಿಯನ್ನು ಕಾಯಿಸಿ ಬಡಿದರೆ ಕತ್ತಿ, ಗುದ್ದಲಿ ಅಥವಾ ಕವಚ. ಬಡಿಯದೆ ಇಟ್ಟರೆ ಹಣ. ಸತ್ತ ಒಡೆಯರ ದೇಹದ ಕೆಳಗೆ ಇವನ್ನು ಹಾಸಿ ಹೂಳುತ್ತಿದ್ದರು. ಕಬ್ಬಿಣದ ಪಟ್ಟಿಗಳನ್ನು ಮೊಳೆ ಹೊಡೆದು ಕೂಡಿಸಿದ ಎದೆಗವಚಗಳೂ ಕುದುರೆಯ ಕಡಿವಾಣಗಳೂ ಪಕ್ಕದಲ್ಲಿವೆ. ಆಕಾಶದಿಂದ ಇಳಿದ ಚಿನ್ನದ ಪಾತ್ರೆಯ ಕಥೆಯನ್ನು ಕಟ್ಟಿದ ಜನ ದಿನದಿನವೂ ದುಡಿದದ್ದು ಈ ಕಪ್ಪು ಲೋಹದಲ್ಲಿ.

ಭಾನುವಾರ

ಡೇಸೊಂಗ್-ಡೊಂಗ್ ದಿಬ್ಬದ ಮೇಲೆ ಮೊದಲ ನೋಟಕ್ಕೆ ಹುಲ್ಲಿನ ಹೊರತು ಏನೂ ಇಲ್ಲ. 1990ರಲ್ಲಿ ಉತ್ಖನನ ಆರಂಭವಾದಾಗ ಅದರೊಳಗೆ ಗುಮ್‌ಗ್ವಾನ್ ಗಾಯಾದ ಅರಸು ಮನೆತನದ ಸಮಾಧಿಗಳು ಸಿಕ್ಕವು: ಮರದ ಕೋಣೆಗಳು, ಅವುಗಳಲ್ಲಿ ಒಡೆಯನೊಡನೆ ಹೂಳಲ್ಪಟ್ಟ ಸೇವಕರ ಎಲುಬುಗಳು, ಉತ್ತರದ ಹುಲ್ಲುಗಾವಲಿನ ಜನ ಬಳಸುತ್ತಿದ್ದ ಮಾದರಿಯ ಕಂಚಿನ ಕಡಾಯಿ, ಜಪಾನಿನಿಂದ ಬಂದ ಗಿರಿಗಿಟ್ಲೆಯ ಆಕಾರದ ಕಂಚಿನ ಅಲಂಕಾರಗಳು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಏಳು ಗಾಯಾ ಸಮಾಧಿ ತಾಣಗಳಲ್ಲಿ ಇದೂ ಒಂದು. ಇಲ್ಲಿಯ ಅರಸು ಸಮಾಧಿಗಳು ಮೂರನೆಯ ಶತಮಾನದ ಕೊನೆಯಿಂದ ಐದನೆಯ ಶತಮಾನದವರೆಗಿನವು; ಸುರೊನ ಕಾಲವೆಂದು ಹೇಳುವುದಕ್ಕಿಂತ ಈಚಿನವು. ದಂತಕಥೆಯ ದೊರೆಗೂ ಅಗೆದು ಕಂಡ ದೊರೆಗಳಿಗೂ ನಡುವೆ ಇರುವ ಈ ಅಂತರವನ್ನು ಮುಚ್ಚಲು ಸಂಗ್ರಹಾಲಯದವರು ಪ್ರಯತ್ನಿಸಿಲ್ಲ ಎಂಬುದು ನನಗೆ ಬಹಳ ಮೆಚ್ಚುಗೆಯಾಯಿತು.

ಅಲ್ಲಿಂದ ರಾಣಿಯ ಸಮಾಧಿಗೆ ಹೋದೆ. ಗುಜಿಬೊಂಗ್‌ನ ಪಕ್ಕದಲ್ಲಿ, ಕೂಡಿಸಿದ ಕತ್ತಿನ ಆಚೆ ಇಳಿಜಾರಿನಲ್ಲಿ ದುಂಡನೆಯ ಹುಲ್ಲುದಿಬ್ಬ. ಅದರ ಬಳಿಯ ಮಂಟಪದಲ್ಲಿ, ಅಲೆಗಳನ್ನು ಶಾಂತಗೊಳಿಸಲು ಅವಳು ಹಡಗಿನಲ್ಲಿ ತಂದಳೆನ್ನುವ ಪಾಸಾ ಸ್ತೂಪದ ಕಲ್ಲುಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದಾರೆ. ಮೊದಲು ಹೊಗ್ಯೆಸಾ ಎಂಬ ದೇವಾಲಯದಲ್ಲಿದ್ದ ಇವುಗಳನ್ನು 1873ರಲ್ಲಿ ಗಿಮ್ಹೆಯ ಅಧಿಕಾರಿ ಇಲ್ಲಿಗೆ ತರಿಸಿದ. ಅಂಚು ಸವೆದು, ಮೈಯಲ್ಲಿ ಮಸುಕು ಕೆಂಪು ಮಚ್ಚೆಗಳಿರುವ ಕಲ್ಲುಗಳು. ಇರ್ಯೊನ್ ಭಿಕ್ಷುವೂ ತನ್ನ ಕಾಲದಲ್ಲಿ ಇದನ್ನೇ ಬರೆದಿದ್ದಾನೆ: ಕಲ್ಲು ಮೆದು, ಕೆಂಪು ಮಚ್ಚೆಯುಳ್ಳದ್ದು, ಈ ಸೀಮೆಯದ್ದಲ್ಲ.

ಕಲ್ಲು ಎಲ್ಲಿಯದಾದರೂ ಇರಲಿ, ಅದು ಅಯೋಧ್ಯೆಯ ಸಾಕ್ಷಿಯಾಗುವುದಿಲ್ಲ. ಈ ವಿಷಯದಲ್ಲಿ ನಮ್ಮವರು ತೋರುವ ಆತುರ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ರಾಣಿ ಬಂದಳೆನ್ನುವ ಕ್ರಿ.ಶ. 48ರ ಸುಮಾರಿನಲ್ಲಿ ಸರಯೂ ತೀರದ ಆ ನಗರ ಸಾಕೇತವೆಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಗಾಯಾದಲ್ಲಿ ಆಗ ಬೌದ್ಧಧರ್ಮ ಇರಲಿಲ್ಲವೆಂದು ಇರ್ಯೊನ್‌ನೇ ಒಪ್ಪುತ್ತಾನೆ; ರಾಣಿಯ ಹೆಸರಿನಲ್ಲಿ ದೇವಾಲಯ ಎದ್ದದ್ದು 452ರಲ್ಲಿ, ಎಂಟನೆಯ ದೊರೆ ಜಿಲ್ಜಿಯ ಕಾಲದಲ್ಲಿ. ಹೀಗಾಗಿ ರಾಣಿಯ ತವರನ್ನು ಬುದ್ಧನ ನಾಡಿನೊಡನೆ ಜೋಡಿಸುವ ಕೆಲಸ ನಂತರದ ಭಿಕ್ಷುಗಳದೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. ಕೊರಿಯಾದ ವಿದ್ವಾಂಸ ಕಿಮ್ ಬ್ಯೊಂಗ್-ಮೊ ಮಾತ್ರ ಬೇರೆ ದಾರಿ ಹಿಡಿದು, ಸಮಾಧಿಯ ಶಿಲೆಯಲ್ಲಿ ಅವಳನ್ನು ಬೊಜು ಎಂಬ ಊರಿನೊಡನೆ ಸೇರಿಸಿ ಕರೆದಿರುವುದನ್ನು ಆಧಾರವಾಗಿಟ್ಟು, ಅವಳ ಮನೆತನ ಅಯೋಧ್ಯೆಯಿಂದ ಚೀನಾದ ಸಿಚುವಾನ್‌ಗೆ ವಲಸೆ ಹೋಗಿ ಅಲ್ಲಿಂದ ಗಾಯಾಕ್ಕೆ ಬಂದಿತೆಂದು ವಾದಿಸಿದರು. ಆ ಶಿಲೆ 1647ರದ್ದು. ಇಷ್ಟೆಲ್ಲ ಇದ್ದರೂ 2001ರಲ್ಲಿ ಅಯೋಧ್ಯೆಯಲ್ಲಿ ಅವಳ ಸ್ಮಾರಕ ನಿಂತಿದೆ, 2019ರಲ್ಲಿ ಭಾರತ ಅವಳ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿದೆ. ಎರಡು ದೇಶಗಳ ಸ್ನೇಹಕ್ಕೆ ಕಥೆಯೊಂದು ನೆರವಾದರೆ ಸಂತೋಷವೇ. ಆದರೆ ಆ ಸಂತೋಷದಲ್ಲಿ ಗಿಮ್ಹೆಯ ಕಥೆಯನ್ನು ನಮ್ಮದೊಂದು ಶಾಖೆಯಾಗಿ ಎಣಿಸಿಬಿಡುವುದು ಆತಿಥ್ಯ ನೀಡಿದವರಿಗೆ ಮಾಡುವ ಅನ್ಯಾಯ.

ಸೋಮವಾರ

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಬಸ್ಸು ಹಿಡಿದು ದಕ್ಷಿಣದ ಕಡಲತೀರದ ಯೊಂಗ್‌ವೊನ್‌ಗೆ ಹೋದೆ. ರಾಣಿಯ ಹಡಗನ್ನು ಕಾಯಲು ಸುರೊ ತನ್ನ ನಾಯಕನೊಬ್ಬನನ್ನು ಕಳುಹಿಸಿದ ಮಾಂಗ್‌ಸಾನ್‌ದೊ ಇದೇ ಎಂದು ತೋರಿಸುವುದು ಬಿರಿದ ಬಂಡೆಗಳ ಒಂದು ಪುಟ್ಟ ಗುಡ್ಡೆಯನ್ನು. ಸುತ್ತ ಸಮುದ್ರ ತುಂಬಿ ಮಾಡಿದ ನೆಲ, ಮೀನು ಮಾರುಕಟ್ಟೆ, ಆಚೆ ಬುಸಾನ್ ಹೊಸ ಬಂದರಿನ ಕ್ರೇನುಗಳು. ನೋಡಲು ಹೆಚ್ಚೇನೂ ಇಲ್ಲ, ಆದರೆ ಸುರೊನ ಕಥೆಯ ಅರ್ಧ ಭಾಗ ನಡೆಯುವುದು ಈ ನೀರಿನ ಮೇಲೆ.

ಕಡಲ ದಾರಿಯಲ್ಲಿ ಅವನ ಬಳಿಗೆ ಮೊದಲು ಬಂದವನು ತಾಲ್ಹೆ. ನಿನ್ನ ಸಿಂಹಾಸನ ಕಸಿದುಕೊಳ್ಳಲು ಬಂದಿದ್ದೇನೆ ಎಂದು ಆಸ್ಥಾನದಲ್ಲಿ ನಿಂತು ಹೇಳಿದ. ನಾಡನ್ನು ನೆಮ್ಮದಿಯಲ್ಲಿಡಲು ಆಕಾಶ ನನ್ನನ್ನು ಕೂರಿಸಿದೆ, ಅದರ ಅಪ್ಪಣೆ ಮೀರಿ ನಿನಗೆ ಬಿಟ್ಟುಕೊಡಲಾರೆ ಎಂದು ಸುರೊ ಉತ್ತರಿಸಿದ. ಆಮೇಲೆ ಮಾಯೆಯ ಸ್ಪರ್ಧೆ: ತಾಲ್ಹೆ ಗಿಡುಗನಾದರೆ ಸುರೊ ಹದ್ದಾದ, ತಾಲ್ಹೆ ಗುಬ್ಬಿಯಾದರೆ ಸುರೊ ಡೇಗೆಯಾದ. ಮತ್ತೆ ಮನುಷ್ಯರೂಪಕ್ಕೆ ಬಂದಾಗ ತಾಲ್ಹೆ, ಕೊಲ್ಲಲು ಮನಸ್ಸಿಲ್ಲದ ನಿನ್ನ ದೊಡ್ಡತನದಿಂದ ನಾನು ಉಳಿದೆ ಎಂದು ನಮಸ್ಕರಿಸಿ ಹೊರಟುಹೋದ. ಅವನು ಮತ್ತೆ ಕೇಡು ಬಗೆದಾನೆಂಬ ಶಂಕೆಯಿಂದ ಸುರೊ 500 ದೋಣಿಗಳನ್ನು ಬೆನ್ನಟ್ಟಿಸಿದ ಎಂಬ ವಿವರ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಕರುಣೆಯ ಜೊತೆಗೆ ಎಚ್ಚರವೂ ಅವನಿಗಿತ್ತು, ಮತ್ತು ಅವನ ಬಲವಿದ್ದದ್ದು ದೋಣಿಗಳಲ್ಲಿ. ತಾಲ್ಹೆ ಪಕ್ಕದ ಸಿಲ್ಲಾ ರಾಜ್ಯಕ್ಕೆ ಓಡಿಹೋಗಿ ಮುಂದೆ ಅಲ್ಲಿಯ ದೊರೆಯಾದ.

ಎರಡನೆಯದಾಗಿ ಬಂದದ್ದು ಕೆಂಪು ಹಾಯಿಯ ಹಡಗು. ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ವರಿಸು ಎಂದು ಒಂಬತ್ತು ನಾಯಕರು ಒತ್ತಾಯಿಸಿದಾಗ, ಅದನ್ನೂ ಆಕಾಶವೇ ನೋಡಿಕೊಳ್ಳುತ್ತದೆ ಎಂದಿದ್ದ ಸುರೊ, ಹಡಗು ಬಂದ ಸುದ್ದಿ ತಿಳಿದೊಡನೆ ನಾಯಕರನ್ನು ಎದುರುಗೊಳ್ಳಲು ಕಳುಹಿಸಿದ. ಹದಿನಾರು ವರ್ಷದ ರಾಜಕುಮಾರಿ ಹಡಗಿನಿಂದ ಇಳಿಯಲಿಲ್ಲ; ನಿಮ್ಮನ್ನು ನಾನು ಅರಿಯೆ, ಹಾಗೆ ಹಗುರವಾಗಿ ನಿಮ್ಮ ಹಿಂದೆ ಬರಲಾರೆ ಎಂದಳು. ದೊರೆ ಆ ಮಾತಿಗೆ ತಲೆಬಾಗಿ, ಅರಮನೆಯ ಹೊರಗೆ ಗುಡ್ಡದ ಅಂಚಿನಲ್ಲಿ ಡೇರೆ ಹಾಕಿಸಿ ತಾನೇ ಹೋಗಿ ಕಾದ. ಅವಳನ್ನು ಕರೆತಂದ 15 ಮಂದಿ ನಾವಿಕರಿಗೆ ತಲಾ 10 ಮೂಟೆ ಅಕ್ಕಿ ಮತ್ತು 30 ಸುರುಳಿ ಬಟ್ಟೆ ಕೊಟ್ಟು ಹಿಂದಕ್ಕೆ ಕಳುಹಿಸಿದ. ಹೊರಗಿನಿಂದ ಬಂದವರನ್ನು ಹೇಗೆ ಕಾಣಬೇಕೆಂಬುದು ಬಂದರಿನ ಒಡೆಯನಿಗೆ ದೊಡ್ಡ ವಿದ್ಯೆ. ಈ ಎರಡು ಕಥೆಗಳನ್ನು ಜೊತೆಯಲ್ಲಿಟ್ಟು ಓದಿದರೆ ಸುರೊ ಆ ವಿದ್ಯೆ ಬಲ್ಲವನೆಂದು ಜನ ನೆನಪಿಟ್ಟುಕೊಂಡದ್ದು ತಿಳಿಯುತ್ತದೆ. ರಾಣಿ ಬಂದ ದಿನದ ನೆನಪಿಗೆ ಪ್ರತಿವರ್ಷ ಏಳನೆಯ ತಿಂಗಳ ಇಪ್ಪತ್ತೊಂಬತ್ತರಂದು ಊರವರು ಗುಡ್ಡವೇರಿ ಡೇರೆ ಹಾಕಿ, ಉಂಡು ಕುಡಿದು, ಮಾಂಗ್‌ಸಾನ್‌ದೊ ಕಡೆಯಿಂದ ಕುದುರೆಗಳನ್ನೂ ದೋಣಿಗಳನ್ನೂ ಪಂದ್ಯಕ್ಕೆ ಬಿಡುತ್ತಿದ್ದರೆಂದು ಗ್ರಂಥದಲ್ಲಿದೆ.

ಸಂಜೆ ಗಿಮ್ಹೆಗೆ ಮರಳಿ ಡೊಂಗ್‌ಸಾಂಗ್ ಮಾರುಕಟ್ಟೆಯಲ್ಲಿ ಕಾಲ್‌ಗುಕ್ಸು ಎಂಬ ಶಾವಿಗೆಯ ಸಾರು ಉಂಡೆ. ಕಾರ್ಖಾನೆಗಳಲ್ಲಿ ದುಡಿಯಲು ಬಂದ ವಿಯೆಟ್ನಾಂ, ನೇಪಾಳ, ಉಜ್ಬೇಕಿಸ್ತಾನದ ಜನರ ಅಂಗಡಿಗಳು ಅಲ್ಲಿಯ ಬೀದಿಗಳಲ್ಲಿ ತುಂಬಿವೆ.

ಮಂಗಳವಾರ

ಸುರೊನ ಸಮಾಧಿ ಪೇಟೆಯ ನಡುವೆಯೇ ಇದೆ. ಕೆಂಪು ಕಂಬಗಳ ಕಮಾನನ್ನು ದಾಟಿ ಒಳಗೆ ಹೋದರೆ ನಾಪ್‌ನುಂಗ್ ಬಾಗಿಲು. ಅದರ ಮೇಲೆ ನಮ್ಮವರೆಲ್ಲ ಚಿತ್ರ ತೆಗೆಯುವ, ಒಂದಕ್ಕೊಂದು ಎದುರಾದ ಜೋಡಿ ಮೀನುಗಳು. ಬಾಗಿಲು 14ರಿಂದ 20ನೆಯ ಶತಮಾನದವರೆಗೆ ಆಳಿದ ಜೊಸೊನ್ ಮನೆತನದ ಕಾಲದ್ದಾದ್ದರಿಂದ ಮೊದಲ ಶತಮಾನದ ಬಗ್ಗೆ ಅದನ್ನು ಕೇಳಿ ಫಲವಿಲ್ಲ. ಅದರ ಹಿಂದೆ ಸುಮಾರು ಐದು ಮೀಟರ್ ಎತ್ತರದ ಹುಲ್ಲಿನ ದಿಬ್ಬ, ಮುಂದೆ 1647ರ ಶಿಲೆ. ಸುರೊ 199ರಲ್ಲಿ ತನ್ನ 158ನೆಯ ವಯಸ್ಸಿನಲ್ಲಿ, ರಾಣಿ ತೀರಿಕೊಂಡ ಹತ್ತು ವರ್ಷಗಳ ಬಳಿಕ ಸತ್ತನೆಂದು ಗ್ರಂಥ ಹೇಳುತ್ತದೆ.

ಬೆಳಗಿನಿಂದಲೇ ಜನ ಸೇರಿದ್ದರು. ಸುರೊ ಮತ್ತು ರಾಣಿಯ ಹೆಸರಿನ ಫಲಕಗಳನ್ನು ಇರಿಸಿರುವ ಗುಡಿಗೆ ಸುಂಗ್‌ಸೊನ್‌ಜೊನ್ ಎಂಬ ಹೆಸರನ್ನು 1884ರಲ್ಲಿ ಗೊಜೊಂಗ್ ದೊರೆ ಕೊಟ್ಟ. ನಿಲುವಂಗಿ ತೊಟ್ಟು, ಕಪ್ಪು ಟೋಪಿ ಧರಿಸಿದ ಹಿರಿಯರು ಸಾಲಾಗಿ ನಡೆದು ಬಂದು, ಕೂಗಿ ಹೇಳುವವನ ಆಜ್ಞೆಗೆ ತಕ್ಕಂತೆ ಬಗ್ಗುತ್ತ ಏಳುತ್ತ, ಒಬ್ಬರಾದ ಮೇಲೊಬ್ಬರು ಮೂರು ಬಾರಿ ಮದ್ಯದ ಬಟ್ಟಲು ಅರ್ಪಿಸಿದರು. ಗಿಮ್ಹೆ ಕಿಮ್ ಮನೆತನದವರು 40 ಲಕ್ಷಕ್ಕೂ ಹೆಚ್ಚಿದ್ದಾರೆ. ರಾಣಿಯ ಕೋರಿಕೆಯಂತೆ ಇಬ್ಬರು ಗಂಡುಮಕ್ಕಳಿಗೆ ಅವಳ ಹೆಸರು ಸಂದು ಹೊ ಮನೆತನ ಬೆಳೆಯಿತು, ಅದರಿಂದ ಇಂಚೊನ್ ಯಿ ಮನೆತನ ಕವಲೊಡೆಯಿತು. ಈ ಮೂವರೂ ಒಂದೇ ರಕ್ತವೆಂದು ತಮ್ಮೊಳಗೆ ಮದುವೆ ಮಾಡಿಕೊಳ್ಳದಿರುವುದು ಹಳೆಯ ಪದ್ಧತಿ.

ಈ ಪೂಜೆ ಉಳಿದು ಬಂದ ಬಗೆ ಸುರೊನ ಹುಟ್ಟಿನ ಕಥೆಗಿಂತಲೂ ನನಗೆ ಆಶ್ಚರ್ಯಕರವಾಗಿ ಕಾಣುತ್ತದೆ. 532ರಲ್ಲಿ ಕೊನೆಯ ದೊರೆ ಗುಹ್ಯೊಂಗ್ ಸಿಲ್ಲಾಕ್ಕೆ ಶರಣಾದಾಗ ರಾಜ್ಯ ಮುಗಿಯಿತು, ಪೂಜೆಯೂ ಕುಂಠಿತವಾಯಿತು. ಆದರೆ ಗುಹ್ಯೊಂಗ್‌ನ ಮರಿಮೊಮ್ಮಗ ಕಿಮ್ ಯು-ಸಿನ್ ಸಿಲ್ಲಾದ ಮಹಾಸೇನಾಪತಿಯಾದ. ಅವನ ತಂಗಿಯ ಮಗ ಮುನ್ಮು ಸಿಲ್ಲಾದ ಸಿಂಹಾಸನವೇರಿದ. ಸುರೊ ತನ್ನ ತಾಯಿಯ ಕಡೆಯ ಪೂರ್ವಜನೆಂದು 661ರಲ್ಲಿ ಮುನ್ಮು ಸಮಾಧಿಗೆ ಒಳ್ಳೆಯ ಭೂಮಿ ಬಿಟ್ಟು, ಪೂಜೆ ಮುಂದುವರಿಸಲು ಅಪ್ಪಣೆ ಮಾಡಿದ. ಸೋತ ರಾಜ್ಯದ ಮೂಲಪುರುಷನಿಗೆ ಗೆದ್ದ ರಾಜ್ಯ ನಡೆದುಕೊಂಡ ಬಗೆ ಇದು. ಆ ಭೂಮಿಯ ಮೇಲೆ ಕಣ್ಣು ಹಾಕಿದವರ ಕಥೆಗಳೂ ಇವೆ. ಪೂಜೆಯ ಹಕ್ಕನ್ನು ಕಸಿದುಕೊಂಡವನ ಮೇಲೆ ಗುಡಿಯ ತೊಲೆ ಬಿದ್ದು ಅವನು ಸತ್ತ. ಚಿನ್ನವಿದೆಯೆಂದು ನುಗ್ಗಿದ ಕಳ್ಳರನ್ನು ಕವಚ ತೊಟ್ಟ ಬಿಲ್ಲುಗಾರನೊಬ್ಬ ಬಾಣ ಬಿಟ್ಟು ಕೆಡಹಿದ; ಮತ್ತೆ ಬಂದವರನ್ನು ಮೂವತ್ತು ಅಡಿಗೂ ಮಿಕ್ಕ ಹಾವು ಕಚ್ಚಿ ಕೊಂದಿತು.

ಪೂಜೆ ಮುಗಿದ ಮೇಲೆ ಅರ್ಪಿಸಿದ್ದನ್ನು ಹಂಚಿ ಉಣ್ಣುವ ಹೊತ್ತಿನಲ್ಲಿ, ಮನೆತನದ ಒಬ್ಬ ಹಿರಿಯರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇಂಗ್ಲಿಷ್ ಬಲ್ಲ ಅವರ ಮೊಮ್ಮಗಳು ಮಾತನ್ನು ಅತ್ತಿಂದಿತ್ತ ದಾಟಿಸಿದಳು. ಭಾರತದಿಂದ ಬಂದವನೆಂದು ತಿಳಿದು ಅವರು, ನಮ್ಮ ಅಜ್ಜಿಯ ಊರಿನವರು ಎಂದು ನನ್ನ ಕೈ ಹಿಡಿದುಕೊಂಡರು. ನಾನು ದೊರೆಯ ಬಗ್ಗೆ ತಿಳಿಯಲು ಬಂದಿದ್ದೇನೆ ಎಂದಾಗ ಅವರ ಮುಖ ಅರಳಿತು. ಗುಜಿಬೊಂಗ್‌ನಿಂದ ಆರಂಭಿಸಿ ತಾಲ್ಹೆಯ ಗಿಡುಗ, ಸಮಾಧಿಯ ಹಾವು ಎಲ್ಲವನ್ನೂ ಹೇಳಿದರು. ನಿಮ್ಮ ಊರಿನಿಂದ ಬರುವವರು ರಾಣಿಯ ಸಮಾಧಿ ನೋಡಿ, ಇಲ್ಲಿ ಮೀನಿನ ಚಿತ್ರ ತೆಗೆದುಕೊಂಡು ಹೊರಡುತ್ತಾರೆ, ಅವರಿಗೂ ಇದನ್ನೆಲ್ಲ ಹೇಳಿ ಎಂದರು. ‘ಅಜ್ಜಿ ಬರುವುದಕ್ಕೆ ಆರು ವರ್ಷ ಮೊದಲೇ ಅಜ್ಜ ದೊರೆಯಾಗಿದ್ದರಲ್ಲವೇ?’